ಹಂದಿ ನೆಣ ಕಾಯಿಸುವುದು: 2 ಕಿಲೋ ಬ್ಯಾಚು, ತೂಕದಿಂದ ಬಾಟಲಿಯವರೆಗೆ

ಬೆಣ್ಣೆ ಕಾಯಿಸಿ ತುಪ್ಪ ಮಾಡಲು ಬಲ್ಲವರಿಗೆ ನೆಣ ಕಾಯಿಸುವ ಕೆಲಸ ಅರ್ಧ ಗೊತ್ತಿದ್ದಂತೆಯೇ. ಎರಡು ಕಡೆಯೂ ಆಗಬೇಕಾದ್ದು ಒಂದೇ: ಜಿಡ್ಡಿನೊಳಗೆ ಸಿಕ್ಕಿಕೊಂಡ ನೀರನ್ನು, ಏನೂ ಸೀಯದಂತೆ, ಹೊರಗೆ ಕಳಿಸಬೇಕು. ಬೆಣ್ಣೆಯಲ್ಲಿ ಆ ನೀರು ಸಲೀಸಾಗಿ ಬಿಟ್ಟುಕೊಡುತ್ತದೆ. ನೆಣದಲ್ಲಿ ಹಾಗಲ್ಲ, ಜಿಡ್ಡು ಸಣ್ಣ ಸಣ್ಣ ಕೋಶಗಳೊಳಗೆ ಚೀಲ ಕಟ್ಟಿದ ಹಾಗೆ ಕೂತಿರುತ್ತದೆ, ಆ ಚೀಲಗಳನ್ನು ನಾರು ಹಿಡಿದಿಟ್ಟಿರುತ್ತದೆ. ನಿಧಾನ ಶಾಖಕ್ಕೆ ನಾರು ಸಡಿಲಾಗಿ, ಚೀಲ ಬಿರಿದು, ಜಿಡ್ಡು ಹೊರಗೆ ಹರಿಯಬೇಕು. ಅವಸರಪಟ್ಟರೆ ಹೊರಮೈ ಕೆಂಪಾಗಿ ಬಿಗಿದುಕೊಳ್ಳುತ್ತದೆ, ಒಳಗಿನದು ಒಳಗೇ ಉಳಿಯುತ್ತದೆ. ಬಣ್ಣ, ವಾಸನೆ, ಎಷ್ಟು ದಿನ ಕೆಡದೆ ಇರುತ್ತದೆ ಎಂಬುದು, ಎಲ್ಲ ಈ ನೀರಿನ ಲೆಕ್ಕದ ಮೇಲೇ ನಿಂತಿದೆ. ಕೆಳಗೆ ಬರುವ ಪ್ರತಿ ಹೆಜ್ಜೆಯನ್ನೂ ಆ ಕಣ್ಣಿನಿಂದಲೇ ನೋಡಿ.

ಇಲ್ಲಿ ಹಿಡಿದಿರುವುದು 2 ಕಿಲೋ ಹಸಿ ನೆಣದ ಲೆಕ್ಕ. ಒಳ್ಳೆಯ ಬೆನ್ನಿನ ನೆಣ ಮತ್ತು ಒಳನೆಣ ಬೆರೆತಿದ್ದರೆ ಕಾಯಿಸಿದ ಮೇಲೆ 1.4ರಿಂದ 1.6 ಕಿಲೋ ಹಂದಿ ತುಪ್ಪ (ಕಾಯಿಸಿ ಸೋಸಿದ ಜಿಡ್ಡು) ಸಿಗುತ್ತದೆ, ಅಂದರೆ ಒಂದೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಜೊತೆಗೆ ಒಂದು ಬಟ್ಟಲು ಗರಿಗರಿ ಚೂರು. ಮಾಂಸ ಬೆರೆತ ಚೂರುಪಾರು ತಂದರೆ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ ಸಿಕ್ಕೀತು, ಬಣ್ಣವೂ ಮಾಸಲು.

ನೆಣ ಆರಿಸುವುದು

ಅಂಗಡಿಯಲ್ಲಿ ಬರೀ "ಕೊಬ್ಬು ಕೊಡಿ" ಎಂದರೆ ಮಿಕ್ಕಿದ್ದೆಲ್ಲ ಒಂದು ಚೀಲಕ್ಕೆ ಬೀಳುತ್ತದೆ. ಯಾವ ಕಡೆಯದು ಎಂದು ಹೇಳಿ ಕೇಳಿ. ಮೂತ್ರಪಿಂಡದ ಸುತ್ತ, ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡು ಹಾಳೆಯಂತೆ ಬಿಡಿಸಿ ಬರುವುದು ಒಳನೆಣ. ಬೆಳ್ಳಗೆ, ಗಟ್ಟಿಯಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಹಾಗಿರುತ್ತದೆ. ಕಾಯಿಸಿದ ಮೇಲೆ ಇದು ಕರಗುವುದು 43ರಿಂದ 48 ಡಿಗ್ರಿಗೆ, ಆದ್ದರಿಂದ ಬಿಸ್ಕತ್ತು, ಪಫ್ಫಿನಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಚರ್ಮದ ಕೆಳಗಿನ ಬೆನ್ನಿನ ನೆಣ ಸ್ವಲ್ಪ ಮೆದು, 30ರಿಂದ 40 ಡಿಗ್ರಿಯೊಳಗೆ ಕರಗುತ್ತದೆ, ದಿನದ ಅಡುಗೆಗೆ ಸರಿ. ಕರುಳಿನ ಸುತ್ತ ಬಲೆಯಂತೆ ಹರಡಿರುವ ಜಾಲರಿ ನೆಣವನ್ನು ಈ ಬ್ಯಾಚಿಗೆ ಸೇರಿಸಬೇಡಿ. ಅದರ ವಾಸನೆ ಇಡೀ ಪಾತ್ರೆಗೆ ಹತ್ತುತ್ತದೆ. ಚೆನ್ನಾಗಿ ತೊಳೆದು ಖೀಮಾ ಉಂಡೆ, ಈಲಿ ಸುತ್ತಿ ಸುಡುವುದಕ್ಕೆ ಇಟ್ಟುಕೊಳ್ಳಿ.

ಇನ್ನು ವಾಸನೆ. ಬೀಜ ಒಡೆಸದೆ ಬೆಳೆಸಿದ ದೊಡ್ಡ ಗಂಡು ಹಂದಿಯ ನೆಣದಲ್ಲಿ ಮೂತ್ರ, ಬೆವರು ಬೆರೆತಂಥ ಒಂದು ನಾತ ಇರಬಹುದು. ಆ ನಾತದ ಅಂಶಗಳು ಜಿಡ್ಡಿನಲ್ಲೇ ಕರಗಿರುವಂಥವು, ಆದ್ದರಿಂದ ತೊಳೆದರೆ ಹೋಗುವುದಿಲ್ಲ, ಉಪ್ಪು ಅರಿಸಿನಕ್ಕೂ ಬಗ್ಗುವುದಿಲ್ಲ, ಕಾಯಿಸಿದಷ್ಟೂ ಏಳುತ್ತದೆ. ಹಸಿಯಾಗಿದ್ದಾಗ, ತಣ್ಣಗಿದ್ದಾಗ ಮೂಗಿಗೆ ಸಿಗುವುದೂ ಇಲ್ಲ. ಅದಕ್ಕೆ ಪೂರ್ತಿ 2 ಕಿಲೋ ಕೊಯ್ಯುವ ಮೊದಲು ಹೆಬ್ಬೆರಳಿನಷ್ಟು ತುಂಡನ್ನು ಬಿಸಿ ಕಾವಲಿಯ ಮೇಲೆ ಹಾಕಿ ಮೂಸಿ ನೋಡಿ. ಒಂದು ನಿಮಿಷದ ಕೆಲಸ, ಮೂರು ಗಂಟೆ ಉಳಿಯುತ್ತದೆ. ಮನೆಯಲ್ಲಿ ಎಲ್ಲರಿಗೂ ಮೂಸಲು ಕೊಡಿ, ಯಾಕೆಂದರೆ ಆ ನಾತ ಕೆಲವರ ಮೂಗಿಗೆ ತಾಗುವುದೇ ಇಲ್ಲ.

ಹಂದಿ ಏನು ತಿಂದಿತ್ತು ಎಂಬುದೂ ನೆಣದಲ್ಲಿ ಬರೆದಿರುತ್ತದೆ. ಮೀನಿನ ತ್ಯಾಜ್ಯ ಹಾಕಿದ್ದರೆ ಮೀನಿನ ವಾಸನೆ. ಕರಿದ ಎಣ್ಣೆ ತುಂಬಿದ ಹೋಟೆಲ್ ಉಳಿಕೆಯ ಮೇಲೇ ಬೆಳೆದಿದ್ದರೆ ನೆಣ ಮೆದುವಾಗಿ, ಹಳದಿಗೆ ತಿರುಗಿ, ಫ್ರಿಜ್ಜಿನಲ್ಲೂ ಗಟ್ಟಿಯಾಗಿ ಕೂರುವುದಿಲ್ಲ. ಅಂಥದು ಕಮಟಾಗುವುದೂ ಬೇಗ. ಗಟ್ಟಿ, ಬಿಳಿ, ಅಂಟಂಟಾಗದ ನೆಣ ಸಿಕ್ಕಿದ ಕಡೆಯನ್ನು ನೆನಪಿಟ್ಟುಕೊಂಡು ಅಲ್ಲಿಗೇ ಹೋಗಿ.

ಕೊಡಗಿನಲ್ಲಿ ಹಂದಿಯ ಕೂದಲನ್ನು ಬೆಂಕಿಯಲ್ಲಿ ಸುಟ್ಟು ತೆಗೆಯುವುದು ರೂಢಿ. ಪಂದಿ ಕರಿಗೆ, ಅಂದರೆ ಅಲ್ಲಿನ ಹಂದಿ ಮಾಂಸದ ಸಾರಿಗೆ, ಆ ಸುಟ್ಟ ಚರ್ಮದ ಹೊಗೆ ರುಚಿಯೇ. ಕಾಯಿಸುವ ನೆಣಕ್ಕೆ ಮಾತ್ರ ಆ ಮಸಿ ಬೇಡ, ಚರ್ಮವನ್ನು ಪೂರ್ತಿ ಸೀಳಿ ತೆಗೆಯಿರಿ. ಚರ್ಮ ಉಳಿದರೆ ಅದರ ಅಂಟು ತಳಕ್ಕಿಳಿದು ಹಿಡಿಯುತ್ತದೆ ಎಂಬುದು ಇನ್ನೊಂದು ತೊಂದರೆ.

ಬೀದಿ ಸುತ್ತಿ ಬೆಳೆದ ಹಂದಿಯದು ಬೇಡವೇ ಬೇಡ. ಲಾಡಿಹುಳುವಿನ ಚೀಲಗಳು ಮಾಂಸದಲ್ಲಿ ಅಕ್ಕಿಕಾಳಿನಂತೆ ಬೆಳ್ಳಗೆ ಕಾಣಿಸಿದರೆ ಆ ಹಂದಿಯ ಯಾವ ಭಾಗವನ್ನೂ ಮನೆಗೆ ತರಬೇಡಿ. ಕುದಿಯುವ ಶಾಖಕ್ಕೆ ಹುಳು ಸಾಯುತ್ತದೆ ನಿಜ, ಆದರೆ ಹಸಿ ಮಾಂಸ ಮುಟ್ಟಿದ ಚಾಕು, ಮಣೆ, ಕೈ ಅಡುಗೆಮನೆ ತುಂಬ ಓಡಾಡುತ್ತವೆ. "ಹಂದಿ ತುಪ್ಪ ಅಂದರೆ ಕಾಡುಹಂದಿಯದೇ ಆಗಬೇಕು" ಎನ್ನುವ ಮಾತು ಈಗಲೂ ಕೇಳುತ್ತದೆ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ, ಅನುಮತಿಯಿಲ್ಲದೆ ಬೇಟೆಯಾಡುವುದು ಅಪರಾಧ. ಅಡುಗೆಗೆ ಫಾರಂ ಹಂದಿಯ ನೆಣದಲ್ಲಿ ಯಾವ ಕೊರತೆಯೂ ಇಲ್ಲ.

ಪಾತ್ರೆ, ಸಾಮಾನು

6 ಲೀಟರಿನ ದಪ್ಪ ತಳದ ದಬರಿ ಅಥವಾ ಬಾಣಲೆ. ನೆಣ ಅರ್ಧ ಪಾತ್ರೆ ದಾಟಬಾರದು, ನೊರೆ ಏಳುವಾಗ ಮೇಲಿನ ಜಾಗ ಬೇಕೇ ಬೇಕು. ಸ್ಟೀಲ್ ಪಾತ್ರೆಯ ತಳ ತೆಳ್ಳಗಿದ್ದರೆ ಕೆಳಗೆ ದಪ್ಪ ದೋಸೆ ಕಾವಲಿ ಇಟ್ಟು ಅದರ ಮೇಲೆ ಪಾತ್ರೆ ಕೂರಿಸಿ, ಉರಿ ಒಂದೇ ಕಡೆ ಬಡಿಯುವುದಿಲ್ಲ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡ. ತಾಮ್ರ ತಾಗಿದ ಜಿಡ್ಡು ಬಲು ಬೇಗ ಕಮಟಾಗುತ್ತದೆ. ಪಳಗಿದ ಕಬ್ಬಿಣದ ಬಾಣಲೆಯಲ್ಲಿ ಕಾಯಿಸಬಹುದು, ಅದರಲ್ಲೇ ತುಂಬಿಡುವುದು ಬೇಡ.

200 ಡಿಗ್ರಿಯವರೆಗೆ ತೋರಿಸುವ ಕಡ್ಡಿ ಥರ್ಮಾಮೀಟರ್ ಒಂದಿದ್ದರೆ ಊಹಿಸುವ ಕಷ್ಟ ತಪ್ಪುತ್ತದೆ. ತುದಿ ತಳ ಮುಟ್ಟದಂತೆ ಹಿಡಿಯಿರಿ, ಮುಟ್ಟಿದರೆ 20 ಡಿಗ್ರಿ ಜಾಸ್ತಿ ತೋರಿಸಿ ಹೆದರಿಸುತ್ತದೆ. ಉದ್ದ ಹಿಡಿಯ ಮರದ ಸೌಟು, ಸ್ಟೀಲ್ ಜರಡಿ, ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಪಂಚೆಯ ಬಟ್ಟೆ, ಅರ್ಧ ಲೀಟರಿನ 4 ಗಾಜಿನ ಬಾಟಲಿ. ಪಾತ್ರೆ ಮುಚ್ಚುವಷ್ಟು ದೊಡ್ಡ ಲೋಹದ ತಟ್ಟೆಯೊಂದು ಕೈಗೆಟುಕುವ ಕಡೆ ಇರಲಿ. ಅದು ಅಡುಗೆಗಲ್ಲ, ಬೆಂಕಿ ಹತ್ತಿದರೆ ಮುಚ್ಚುವುದಕ್ಕೆ. ಹತ್ತಿದ ಜಿಡ್ಡಿಗೆ ನೀರು ಸುರಿದರೆ ಉರಿ ಚಾವಣಿ ಮುಟ್ಟುತ್ತದೆ; ಗ್ಯಾಸ್ ಆರಿಸಿ, ತಟ್ಟೆ ಮುಚ್ಚಿ, ತಣಿಯುವವರೆಗೆ ತೆಗೆಯಬೇಡಿ.

ಪ್ರೆಶರ್ ಕುಕ್ಕರಿನಲ್ಲಿ ಬೇಗ ಆಗುತ್ತದೆ ಎನ್ನುವವರಿದ್ದಾರೆ. ನೊರೆ, ನಾರಿನ ಚೂರು ವಿಶಲ್ಲಿನ ಕೊಳವೆಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಅದೂ ಅಲ್ಲದೆ, ಮುಚ್ಚಿದ ಪಾತ್ರೆಯಿಂದ ನೀರು ಹೊರಗೆ ಹೋಗುವುದು ಹೇಗೆ?

ಕೊಯ್ಯುವುದು

ನೆಣ ಬೆಚ್ಚಗಿದ್ದರೆ ಚಾಕುವಿಗೆ ಅಂಟಿ ಜಾರುತ್ತದೆ. ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟು, ಅರ್ಧ ಬಿಗಿದಾಗ ತೆಗೆಯಿರಿ. ಮೊದಲು ಕೆಂಪಗೆ ಕಾಣುವ ಮಾಂಸದ ಎಳೆ, ರಕ್ತದ ಕಲೆ, ಬೂದು ಬಣ್ಣದ ಗಂಟುಗಳನ್ನೆಲ್ಲ ಕೆತ್ತಿ ತೆಗೆಯಬೇಕು. ಬೇಸರದ ಕೆಲಸ ಇದು, ಅರ್ಧ ಗಂಟೆ ಹಿಡಿಯುತ್ತದೆ, ಆದರೂ ಬಿಡುವ ಹಾಗಿಲ್ಲ. ಮಾಂಸದ ಎಳೆ ಒಂದು ಉಳಿದರೂ ಅದು ಜಿಡ್ಡಿನಲ್ಲಿ ಹುರಿದು ಕಂದಾಗುತ್ತದೆ, ಬಿಳಿ ತುಪ್ಪಕ್ಕೆ ಬಾಡಿನ ವಾಸನೆ ಹತ್ತುತ್ತದೆ. ಪಲ್ಯಕ್ಕಾದರೆ ಚಿಂತೆಯಿಲ್ಲ, ಬಿಸ್ಕತ್ತಿಗಾದರೆ ಕೆಟ್ಟಂತೆಯೇ.

ಆಮೇಲೆ 1 ಸೆಂಟಿಮೀಟರ್ ಚೌಕ. ಎಲ್ಲವೂ ಒಂದೇ ಅಳತೆಗೆ ಬರಲಿ. ದೊಡ್ಡದು ಚಿಕ್ಕದು ಬೆರೆತರೆ ಚಿಕ್ಕವು ಸೀದಿರುವಾಗ ದೊಡ್ಡವು ಇನ್ನೂ ಬೆಳ್ಳಗೆ ಕೂತಿರುತ್ತವೆ. ಖೀಮಾ ಯಂತ್ರವಿದ್ದರೆ 6ರಿಂದ 8 ಮಿಲಿಮೀಟರ್ ತೂತಿನ ತಟ್ಟೆ ಹಾಕಿ ಅರೆದುಬಿಡಿ, ಸಮಯ ಎಷ್ಟೋ ಉಳಿಯುತ್ತದೆ. ಅರೆದದ್ದರಲ್ಲಿ ಗರಿಗರಿ ಚೂರು ಮಾತ್ರ ಚೆನ್ನಾಗಿ ಬರುವುದಿಲ್ಲ, ರವೆಯಂತಾಗುತ್ತದೆ. ಚೂರಿಗಾಗಿಯೇ ನೆಣ ಕಾಯಿಸುವ ಮನೆಗಳೂ ಇವೆ, ಅವರು ಕೈಯಲ್ಲೇ ಕೊಯ್ಯಲಿ.

ಒಲೆಯ ಮೇಲೆ

ಕೊಯ್ದ ನೆಣ ಪಾತ್ರೆಗೆ, ಮೇಲೆ 200 ಮಿಲಿ ನೀರು. ಜಿಡ್ಡು ಬಿಡುವವರೆಗೆ ತಳ ಹಿಡಿಯದಂತೆ ಕಾಯುವುದಷ್ಟೇ ಈ ನೀರಿನ ಕೆಲಸ, ಆಮೇಲೆ ಅದೂ ಆವಿಯಾಗಿ ಹೋಗುತ್ತದೆ. ಉಪ್ಪು ಬೇಡ. ಚಿಕ್ಕ ಬರ್ನರ್, ಸಣ್ಣ ಉರಿ. ಮುಚ್ಚಳ ಹಾಕಲೇಬಾರದು, ಹೋದ ಆವಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ.

ಮೊದಲ 20 ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ನೀರು ಬೆಳ್ಳಗೆ ಗಂಜಿಯ ಹಾಗೆ ಕದಡಿರುತ್ತದೆ, ತುಂಡುಗಳು ಮಂಕಾಗಿ ಮೆದುವಾಗುತ್ತವೆ. ಐದು ನಿಮಿಷಕ್ಕೊಮ್ಮೆ ತಳದಿಂದ ಎತ್ತಿ ತಿರುವಿ. ಉರಿ ಜಾಸ್ತಿ ಮಾಡಬೇಕೆಂಬ ಆಸೆ ಹುಟ್ಟುವುದು ಇಲ್ಲೇ, ಬಹಳ ಬ್ಯಾಚು ಕೆಡುವುದೂ ಇಲ್ಲೇ.

40 ನಿಮಿಷದ ಹೊತ್ತಿಗೆ ತುಂಡುಗಳ ಸುತ್ತ ತಿಳಿ ಜಿಡ್ಡು ನಿಲ್ಲುತ್ತದೆ. ಇಲ್ಲಿಂದ ಥರ್ಮಾಮೀಟರ್ ನೋಡುತ್ತಿರಿ. ಮುಳ್ಳು ಒಂದು ಕಡೆ ಬಂದು ನಿಂತುಬಿಡುತ್ತದೆ: ಮಂಗಳೂರಿನಲ್ಲಿ 100ರ ಹತ್ತಿರ, ಬೆಂಗಳೂರಿನಲ್ಲಿ 97ರ ಆಸುಪಾಸು, ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 96. ಆಯಾ ಊರಿನಲ್ಲಿ ನೀರು ಕುದಿಯುವ ಬಿಂದು ಇದು. ಒಳಗೆ ನೀರು ಸಾಕಷ್ಟು ಇರುವ ತನಕ ಶಾಖ ಇದನ್ನು ದಾಟಿ ಅಷ್ಟಾಗಿ ಮೇಲೇರುವುದಿಲ್ಲ, ಅದು ಆವಿಯ ಮೇಲೇ ಖರ್ಚಾಗುತ್ತಿರುತ್ತದೆ. ಗಂಟೆಗಟ್ಟಲೆ ಮುಳ್ಳು ಅಲ್ಲಾಡದಿದ್ದರೆ ಥರ್ಮಾಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಒಂದೂವರೆ ಗಂಟೆಯಿಂದ ಎರಡು ಗಂಟೆಯೊಳಗೆ ತುಂಡುಗಳು ಅರ್ಧಕ್ಕೆ ಕುಗ್ಗಿ, ಅಂಚು ಗಾಜಿನಂತೆ ಪಾರದರ್ಶಕವಾಗಿ ತಳದಲ್ಲಿ ಓಡಾಡುತ್ತವೆ. ಈಗ ಕಿವಿ ಕೊಟ್ಟು ಕೇಳಿ. ಇಷ್ಟು ಹೊತ್ತು ಚಟಪಟ, ನಡುನಡುವೆ ಟಪ್ಪೆಂದು ಸಿಡಿಯುವ ಸದ್ದು ಇತ್ತು. ಅದು ನಿಧಾನಕ್ಕೆ ಮಳೆ ನಿಂತ ಮೇಲೆ ಸೂರಿನಿಂದ ಹನಿ ಬೀಳುವ ಹಾಗೆ ಬಿಡಿಬಿಡಿಯಾಗುತ್ತದೆ. ಗುಳ್ಳೆಯೂ ಬದಲಾಗುತ್ತದೆ: ಮೊದಲಿನ ದೊಡ್ಡ, ಒಡೆದು ಹಾರುವ ಗುಳ್ಳೆ ಹೋಗಿ ಸಣ್ಣ, ಒತ್ತಾದ, ಸೋಪಿನ ನೊರೆಯಂಥದು ಮೇಲೆ ಹಾಸಿಕೊಳ್ಳುತ್ತದೆ. ಮುಳ್ಳು 105, 110 ಎಂದು ಹತ್ತತೊಡಗುತ್ತದೆ. ಬೆಣ್ಣೆ ಕಾಯಿಸುವವರು ಒಲೆಯ ಮುಂದೆ ಸದ್ದು ಕೇಳುತ್ತ ನಿಲ್ಲುವ ಆ ಗಳಿಗೆಯೇ ಇದು. ಇಲ್ಲಿ ಬೇರೆ ಕೆಲಸಕ್ಕೆ ಹೋಗಬೇಡಿ.

115ರಿಂದ 120 ಡಿಗ್ರಿಗೆ ಬಂದಾಗ ಮೊದಲ ಸಲ ಸೋಸಿ. ಜರಡಿಯ ಮೇಲೆ ಬಟ್ಟೆ, ಕೆಳಗೆ ಒಣಗಿದ ಸ್ಟೀಲ್ ಪಾತ್ರೆ. ತುಂಡುಗಳನ್ನು ಒತ್ತಬೇಡಿ, ತಾನಾಗಿ ಇಳಿಯುವಷ್ಟೇ ಸಾಕು. ಇದು ಬಿಳಿ ತುಪ್ಪ. ಬಿಸಿಯಲ್ಲಿ ತಿಳಿ ಹುಲ್ಲಿನ ಬಣ್ಣ, ಆರಿದ ಮೇಲೆ ಹಾಲಿನ ಬಿಳಿ, ವಾಸನೆ ಇದ್ದೂ ಇಲ್ಲದ ಹಾಗೆ. ಒಟ್ಟು ಇಳುವರಿಯ ಮುಕ್ಕಾಲು ಪಾಲು ಇಲ್ಲೇ ಬರುತ್ತದೆ.

ಉಳಿದ ತುಂಡುಗಳನ್ನು ಮತ್ತೆ ಪಾತ್ರೆಗೆ ಹಾಕಿ ಇನ್ನೂ 30ರಿಂದ 45 ನಿಮಿಷ. ಈಗ ನೀರಿನ ಕಾವಲು ಇಲ್ಲ, ಆದ್ದರಿಂದ ಕೈ ಬಿಡದೆ ತಿರುವಬೇಕು. 130 ಡಿಗ್ರಿ ದಾಟಿಸಬೇಡಿ. ತುಂಡು ಜೇನಿನ ಬಣ್ಣಕ್ಕೆ ಬಂದು, ಸೌಟಿಗೆ ತಾಗಿದಾಗ ಗಲಗಲ ಅಂದರೆ ಸಾಕು. ಎರಡನೆಯ ಸಲ ಸೋಸಿದ್ದು ಹೊನ್ನಿನ ಬಣ್ಣದ್ದು, ಹುರಿದ ಬಾಡಿನ ಘಮ ಇರುವಂಥದು. ಒಗ್ಗರಣೆಗೆ, ಹುರಿಯುವುದಕ್ಕೆ ಇದೇ ಮೇಲು. ಎರಡನ್ನೂ ಬೆರೆಸಬೇಡಿ. ಬಿಳಿಯದಕ್ಕೆ ಒಂದು ಲೋಟ ಹೊಂಬಣ್ಣದ್ದು ಸೇರಿದರೂ ಅಷ್ಟೂ ಹೊಂಬಣ್ಣದ ಗುಣಕ್ಕೆ ತಿರುಗುತ್ತದೆ.

ಚೂರುಗಳನ್ನು ಬಿಸಿ ಇರುವಾಗಲೇ ಕಾಗದದ ಮೇಲೆ ಹರಡಿ ಉಪ್ಪು, ಕುಟ್ಟಿದ ಕಾಳುಮೆಣಸು ಉದುರಿಸಿ. ಆರಿದ ಮೇಲೆ ಉಪ್ಪು ಅಂಟುವುದಿಲ್ಲ. ಅಂದೇ ತಿನ್ನಬೇಕಾದ್ದು ಇದು, ಮಾರನೆಯ ದಿನಕ್ಕೆ ಜಗಿಜಗಿ.

ಬಾಟಲಿಗೆ

ಬಾಟಲಿ ಒಣಗಿದೆ ಎಂದು ಕಣ್ಣಿಗೆ ಕಂಡರೆ ಸಾಲದು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕೊಡಗು, ಕರಾವಳಿಯಲ್ಲಿ, ಗಾಜಿನ ಒಳಮೈಯಲ್ಲಿ ತೇವ ಕೂತೇ ಇರುತ್ತದೆ. 110 ಡಿಗ್ರಿ ಓವನ್ನಿನಲ್ಲಿ 15 ನಿಮಿಷ, ಇಲ್ಲವೇ ಒಲೆಯ ಪಕ್ಕದಲ್ಲಿ ಮಗುಚಿಟ್ಟು ಬೆಚ್ಚಗಾಗುವವರೆಗೆ. ತುಪ್ಪ 60ರಿಂದ 65 ಡಿಗ್ರಿಗೆ ಇಳಿದ ಮೇಲೆ ಸುರಿಯಿರಿ, 120ರಲ್ಲಿ ಸುರಿದರೆ ಗಾಜು ಸೀಳಿ ಎಲ್ಲವೂ ನೆಲದ ಪಾಲು. ಪೂರ್ತಿ ಆರುವವರೆಗೆ ಬಾಯಿಗೆ ತೆಳು ಬಟ್ಟೆ ಕಟ್ಟಿ, ಆಮೇಲೆ ಮುಚ್ಚಳ. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದಡಿ ಬೆವರಿ ಹನಿ ಕೆಳಗೆ ಬೀಳುತ್ತದೆ, ಅಷ್ಟು ಹೊತ್ತು ಕಳೆದ ನೀರು ಹಿಂಬಾಗಿಲಿನಿಂದ ಬಂದಂತೆ.

ತಾನಾಗಿ ನಿಧಾನಕ್ಕೆ ಆರಿದರೆ ಊರ ತುಪ್ಪದ ಹಾಗೆ ಹರಳುಗಟ್ಟಿ ಮರಳು ಮರಳಾಗುತ್ತದೆ. ಅದು ದೋಷವಲ್ಲ. ಬೆಣ್ಣೆಯಂತೆ ನುಣ್ಣಗೆ ಬೇಕಾದರೆ ಪಾತ್ರೆಯನ್ನು ಐಸ್ ನೀರಿನ ಬೋಗುಣಿಯಲ್ಲಿಟ್ಟು, ಒಂದು ಹನಿಯೂ ಒಳಗೆ ಹಾರದಂತೆ, ಮೊಸರಿನ ಹದಕ್ಕೆ ಬರುವವರೆಗೆ ತಿರುವಿ ಆಮೇಲೆ ತುಂಬಿ. ಬೇಗ ತಣಿದರೆ ಹರಳು ದೊಡ್ಡದಾಗಲು ಸಮಯ ಸಿಗುವುದಿಲ್ಲ. ಗಟ್ಟಿಯಾದ ಮೇಲೆ ನಡುವೆ ಗುಳಿ, ಬಿರುಕು ಕಂಡರೂ ಹೆದರಬೇಡಿ, ಆರುವಾಗ ಜಿಡ್ಡು ಕುಗ್ಗುತ್ತದೆ, ಅಷ್ಟೇ.

ಫ್ರಿಜ್ಜಿನಲ್ಲಿ 6 ತಿಂಗಳು, ಫ್ರೀಜರಿನಲ್ಲಿ ಒಂದು ವರ್ಷ. ಹೊರಗೆ ಎರಡು ವಾರದಲ್ಲಿ ಮುಗಿಯುವಷ್ಟನ್ನು ಮಾತ್ರ ಚಿಕ್ಕ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ. ಗಿಡದ ಎಣ್ಣೆಗಳಲ್ಲಿ ಹುಟ್ಟಿನಿಂದ ಇರುವ ವಿಟಮಿನ್ ಇ ಹಂದಿ ನೆಣದಲ್ಲಿ ಬಹಳ ಕಡಿಮೆ. ಗಾಳಿ, ಬೆಳಕು ತಾಗಿದರೆ ಕಡಲೆಕಾಯಿ ಎಣ್ಣೆಗಿಂತ ಬೇಗ ಕಮಟು ಹಿಡಿಯುತ್ತದೆ. ಒದ್ದೆ ಚಮಚ, ಅನ್ನ ತಾಗಿದ ಚಮಚ ಬೇಡ. ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಬೆಳ್ಳುಳ್ಳಿ, ಹಸಿಮೆಣಸು, ಕರಿಬೇವು ಹಾಕಿದ ಜಿಡ್ಡನ್ನು ಹೊರಗೆ ಇಡಬೇಡಿ. ಅವುಗಳಲ್ಲಿ ತೇವವಿದೆ, ಜಿಡ್ಡಿನೊಳಗೆ ಗಾಳಿಯಿಲ್ಲ. ಬಾಟ್ಯುಲಿಸಂ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ಇದೇ. ಘಮ ಬೇಕಾದರೆ ಅಡುಗೆಯ ಹೊತ್ತಿಗೆ ಹಾಕಿ.

ಎಲ್ಲಿ ಕೆಡುತ್ತದೆ

ಬಾಟಲಿ ತಳದಲ್ಲಿ ಕಂದು ಜೆಲ್ಲಿ ಕೂತಿದೆ. ನೀರು ಪೂರ್ತಿ ಹೋಗುವ ಮೊದಲೇ ಸೋಸಿದ್ದೀರಿ. ನಾರಿನಿಂದ ಬಿಟ್ಟ ಅಂಟು ಆ ನೀರಿನೊಡನೆ ತಳಕ್ಕಿಳಿದಿದೆ. ಬೂಷ್ಟು ಶುರುವಾಗುವುದು, ಹುಳಿ ವಾಸನೆ ಏಳುವುದು ಅಲ್ಲಿಂದಲೇ. ಎರಡು ಮೂರು ದಿನದೊಳಗೆ, ಫ್ರಿಜ್ಜಿನಲ್ಲಿರುವಾಗಲೇ ಗೊತ್ತಾದರೆ ಸರಿಪಡಿಸಬಹುದು: ಗಡ್ಡೆಯನ್ನು ಇಡಿಯಾಗಿ ತೆಗೆದು, ತಳದ ಜೆಲ್ಲಿ ಕೆರೆದು ಎಸೆದು, ಮತ್ತೆ ಕರಗಿಸಿ 115 ಡಿಗ್ರಿಗೆ ಏರಿಸಿ, ಸದ್ದು ನಿಂತ ಮೇಲೆ ಸೋಸಿ. ಬೂಷ್ಟು ಬಂದಿದ್ದರೆ ಪೂರ್ತಿ ಎಸೆಯಿರಿ.

ಬಣ್ಣ ಕಂದಾಗಿ ಸೀದ ವಾಸನೆ ಬಂದಿದೆ. ಉರಿ ಜಾಸ್ತಿಯಾಗಿದೆ, ಇಲ್ಲವೇ ಮಾಂಸದ ಎಳೆ ಉಳಿದಿತ್ತು. ಸೀದದ್ದು ಪೂರ್ತಿ ಹೋಗುವುದಿಲ್ಲ. ಸ್ವಲ್ಪವಾಗಿದ್ದರೆ ನೀರಿನಲ್ಲಿ ತೊಳೆಯುವ ಉಪಾಯವಿದೆ: ತುಪ್ಪದಷ್ಟೇ ನೀರು, ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು, ಒಟ್ಟಿಗೆ ಅರ್ಧ ಗಂಟೆ ಸಣ್ಣಗೆ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿಡಿ. ಮೇಲೆ ಗಡ್ಡೆ ಕಟ್ಟುತ್ತದೆ, ಕೆಳಗಿನ ನೀರು ಕಂದಾಗಿರುತ್ತದೆ. ಗಡ್ಡೆಯ ಅಡಿ ಮೈಗೆ ಅಂಟಿದ ಗಸಿಯನ್ನು ಚಾಕುವಿನಲ್ಲಿ ಕೆರೆದು, ಕರಗಿಸಿ, ನೀರು ಹೋಗುವವರೆಗೆ ಮತ್ತೆ ಕಾಯಿಸಬೇಕು. ಎರಡು ಸಲ ಮಾಡಿದರೆ ಬಾಡಿನ ವಾಸನೆ ಬಹಳ ಮಟ್ಟಿಗೆ ಇಳಿಯುತ್ತದೆ. ಗಂಡು ಹಂದಿಯ ನಾತ ಇದಕ್ಕೂ ಜಗ್ಗುವುದಿಲ್ಲ.

ಹಳೆಯ ಬಾಟಲಿ ಮೂಸಿದರೆ ಮೇಣದ ಬಣ್ಣದ ಕಡ್ಡಿಯ ಹಾಗೆ, ಹಳೆಯ ಪೇಂಟಿನ ಹಾಗೆ ಅನ್ನಿಸಿದರೆ ಕಮಟಾಗಿದೆ. ಕಾಯಿಸಿದರೆ ಸರಿಹೋಗುವುದಿಲ್ಲ. ಹೊಸದಕ್ಕೆ ಬೆರೆಸಿ ಮುಗಿಸೋಣ ಎನ್ನುವ ಲೆಕ್ಕ ಬೇಡ, ಹಳೆಯ ಕಮಟು ಹೊಸದನ್ನೂ ಬೇಗ ಕೆಡಿಸುತ್ತದೆ. ಅದೇ ಬಾಟಲಿಯನ್ನು ತೊಳೆಯದೆ ಮತ್ತೆ ತುಂಬುವುದೂ ಹಾಗೆಯೇ.

ಅಡುಗೆಗೆ

ಹಂದಿ ತುಪ್ಪ ಹೊಗೆಯಾಡುವುದು ಸುಮಾರು 190 ಡಿಗ್ರಿಗೆ. 170ರಿಂದ 175ರಲ್ಲಿ ಕರಿಯಿರಿ, 180 ದಾಟಿಸಬೇಡಿ. ಕರಿದದ್ದನ್ನು ಸೋಸಿ ಮೂರು ನಾಲ್ಕು ಸಲ ಬಳಸಬಹುದು. ನೊರೆ ಕಟ್ಟತೊಡಗಿದರೆ ಮುಗಿಯಿತು. ಆಲೂಗೆಡ್ಡೆಯನ್ನು ದೊಡ್ಡ ಹೋಳು ಮಾಡಿ, ಉಪ್ಪು ನೀರಿನಲ್ಲಿ ಮುಕ್ಕಾಲು ಬೇಯಿಸಿ, ಬಸಿದು, ಅಂಚು ಉದುರುವಂತೆ ಪಾತ್ರೆಯನ್ನೊಮ್ಮೆ ಕುಲುಕಿ, ಬಿಸಿ ಹೊಂಬಣ್ಣದ ತುಪ್ಪದಲ್ಲಿ ಹುರಿದರೆ ಹೊರಗೆ ಚಿಪ್ಪಿನಂತೆ ಗರಿಯಾಗುತ್ತದೆ, ಯಾವ ಎಣ್ಣೆಯಲ್ಲೂ ಈ ಪರಿ ಬರುವುದಿಲ್ಲ. ಮಳೆಗಾಲದ ಕುಮ್ಮು, ಅಂದರೆ ಅಣಬೆ, ಇದರಲ್ಲಿ ಹುರಿಯುವಾಗ ಮೊದಲು ಅಣಬೆಯ ನೀರು ಹೋಗಲಿ, ಆಮೇಲೆ ತುಪ್ಪ. ಬೈಂಬಳೆಗೆ, ಎಳೆ ಬಿದಿರಿನ ಕಳಲೆಗೆ, ಒಗ್ಗರಣೆ ಹಾಕಬಹುದು; ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ದಿನ ನೆನೆಸಿ, ಬೇಯಿಸಿ ಬಸಿದ ಮೇಲೆ ಮಾತ್ರ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ.

ಬಿಸ್ಕತ್ತಿಗೆ ಬೆಣ್ಣೆಯ ಬದಲು ಹಾಕುವಾಗ ತೂಕಕ್ಕೆ ತೂಕ ಹಾಕಬೇಡಿ. 100 ಗ್ರಾಂ ಬೆಣ್ಣೆಯ ಜಾಗಕ್ಕೆ 80 ಗ್ರಾಂ ಬಿಳಿ ತುಪ್ಪ, 15 ಮಿಲಿ ನೀರು. ಬೆಣ್ಣೆಯಲ್ಲಿ ಸುಮಾರು 16 ಪಾಲು ನೀರು ಇತ್ತು, ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬಿಸ್ಕತ್ತು ಕೈಯಲ್ಲೇ ಪುಡಿಯಾಗುತ್ತದೆ.

ಪಂದಿ ಕರಿಗೆ ಹೊರಗಿನ ಎಣ್ಣೆ ಬೇಕಿಲ್ಲ, ಮಾಂಸದ ನೆಣವೇ ಕರಗಿ ಅದನ್ನು ಬೇಯಿಸುತ್ತದೆ. ಸೆಪ್ಟೆಂಬರ್ 3ರ ಕೊಡವ ಹಬ್ಬ ಕೈಲ್‌ಪೊಳ್ದಿಗೆ ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ ಕಡುಬಿನ) ಜೊತೆ ಬರುವ ಆ ಕರಿಯ ಹೊಳಪೆಲ್ಲ ಅದರದೇ. ಈಗ ಸಿಗುವ ಎಷ್ಟೋ ಫಾರಂ ಹಂದಿಯಲ್ಲಿ ಕೆಂಪು ಮಾಂಸವೇ ಜಾಸ್ತಿ, ಕರಿ ಒಣಕಲಾಗುತ್ತದೆ. ಅಂಥ ಕಡೆ ಹೊಂಬಣ್ಣದ ತುಪ್ಪ ಕೆಲಸಕ್ಕೆ ಬರುತ್ತದೆ. 1 ಕಿಲೋ ಮಾಂಸಕ್ಕೆ 2 ದೊಡ್ಡ ಚಮಚ ತುಪ್ಪ ಬಿಸಿ ಮಾಡಿ, 200 ಗ್ರಾಂ ಈರುಳ್ಳಿ, 12 ಎಸಳು ಬೆಳ್ಳುಳ್ಳಿ, ಹೆಬ್ಬೆರಳಷ್ಟು ಶುಂಠಿ, 5 ಹಸಿಮೆಣಸು ಜಜ್ಜಿ ಬಾಡಿಸಿ. ಅರಿಸಿನ, ಉಪ್ಪು ಸವರಿದ ಮಾಂಸ ಸೇರಿಸಿ, ಅದು ತನ್ನ ನೀರು ಬಿಟ್ಟು ಮತ್ತೆ ಎಳೆದುಕೊಳ್ಳುವವರೆಗೆ ಹುರಿಯಿರಿ. ಆಮೇಲೆ ಒಂದೂವರೆ ಲೋಟ ಬಿಸಿ ನೀರು, ಮುಚ್ಚಳ, ಸಣ್ಣ ಉರಿಯಲ್ಲಿ 45 ನಿಮಿಷದಿಂದ ಒಂದು ಗಂಟೆ.

ಮಸಾಲೆಗೆ 2 ಚಮಚ ಕಾಳುಮೆಣಸು, 1 ದೊಡ್ಡ ಚಮಚ ಕೊತ್ತಂಬರಿ ಬೀಜ, 1 ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ಕಾಲು ಚಮಚ ಮೆಂತ್ಯ. ಒಂದೊಂದನ್ನೂ ಬೇರೆ ಬೇರೆ, ಎಣ್ಣೆ ಹಾಕದೆ, ಕಾಫಿ ಬೀಜದ ಬಣ್ಣಕ್ಕೆ ಹುರಿದು ಪುಡಿ ಮಾಡಿ. ಕಪ್ಪಿಗೆ ಹತ್ತಿರ ಬರಬೇಕು, ಕರಕಲಾಗಬಾರದು. ಮೆಂತ್ಯ ಒಂದು ಕ್ಷಣ ಹೆಚ್ಚಾದರೂ ಕಹಿ. ಮಾಂಸ ಬೆಂದ ಮೇಲೆ ಈ ಪುಡಿ, ಹತ್ತು ನಿಮಿಷದ ನಂತರ ಒಂದು ದೊಡ್ಡ ಚಮಚ ಕಾಚಂಪುಳಿ, ಅಂದರೆ ಹಣ್ಣಿನ ರಸ ಬತ್ತಿಸಿ ಮಾಡುವ ಕೊಡಗಿನ ಕಪ್ಪು ಹುಳಿ. ಹುಳಿ ಮೊದಲೇ ಬಿದ್ದರೆ ಮಾಂಸ ಬಿಗಿದು ಬೇಯಲು ಹಟ ಹಿಡಿಯುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯಾದರೆ ಕಾಚಂಪುಳಿಗೆ ಲೋಹದ ರುಚಿ ಹತ್ತುತ್ತದೆ, ಮಣ್ಣಿನದು ಇಲ್ಲವೇ ಸ್ಟೀಲ್ ಇರಲಿ. ಇಳಿಸಿದ ಮೇಲೆ ತೇಲುವ ಜಿಡ್ಡನ್ನು ಸೌಟಿನಲ್ಲಿ ತೆಗೆದಿಟ್ಟರೆ ಮಾರನೆಯ ದಿನ ಅನ್ನ ಕಲಸಿ ಹುರಿಯುವುದಕ್ಕಾಯಿತು. ಅದರಲ್ಲಿ ಮಸಾಲೆ, ನೀರು ಎರಡೂ ಇರುವುದರಿಂದ ಬಾಟಲಿಯ ತುಪ್ಪಕ್ಕೆ ಸೇರಿಸುವ ಹಾಗಿಲ್ಲ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ.

ಎಷ್ಟು ತಿನ್ನಬಹುದು ಎಂಬ ಪ್ರಶ್ನೆಗೆ: ಇದರಲ್ಲಿ ಸ್ಯಾಚುರೇಟೆಡ್ ಕೊಬ್ಬು 100ಕ್ಕೆ ಸುಮಾರು 40, ಆಲಿವ್ ಎಣ್ಣೆಯಲ್ಲಿ ಮುಖ್ಯವಾಗಿರುವ ಓಲಿಯಿಕ್ ಆಮ್ಲ 40ಕ್ಕೂ ಮೇಲೆ. ಹಸುವಿನ ತುಪ್ಪದಲ್ಲಿ, ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಪಾಲು ಇದಕ್ಕಿಂತ ಹೆಚ್ಚು. ಹಾಗೆಂದು ಸುರಿದುಕೊಳ್ಳುವಂಥದೂ ಅಲ್ಲ, ಒಂದು ದೊಡ್ಡ ಚಮಚಕ್ಕೆ 115 ಕ್ಯಾಲೊರಿ.

ಕುರಿ, ಕೋಳಿ

ಕುರಿಯ ನೆಣಕ್ಕೂ ಕ್ರಮ ಇದೇ. ಬನ್ನೂರು ಕುರಿಯ ಮೂತ್ರಪಿಂಡದ ಸುತ್ತಲಿನದು ಸಿಕ್ಕರೆ ಬಿಡಬೇಡಿ. ಇದು ಹಂದಿಯದಕ್ಕಿಂತ ಗಟ್ಟಿ, ಬಾಯಿಯ ಶಾಖಕ್ಕೆ ಕರಗದು. ಆರಿದ ಊಟದಲ್ಲಿ ಅಂಗುಳಕ್ಕೆ ಮೇಣದಂತೆ ಅಂಟುತ್ತದೆ. ಬಿರಿಯಾನಿ, ಖೀಮಾ, ಕಾಲು ಸೂಪಿಗೆ ಹಾಕಿ, ತಟ್ಟೆ ಬಿಸಿ ಇರುವಾಗಲೇ ಬಡಿಸಿ.

ನಾಟಿ ಕೋಳಿಯ ಹೊಟ್ಟೆಯೊಳಗಿನ ಹಳದಿ ನೆಣವನ್ನು ಅಂಗಡಿಯವರು ಎಸೆದುಬಿಡುತ್ತಾರೆ, ಕೇಳಿ ತೆಗೆದುಕೊಳ್ಳಿ. 250 ಗ್ರಾಮಿಗೆ 3 ಚಮಚ ನೀರು, 30ರಿಂದ 40 ನಿಮಿಷದಲ್ಲಿ ಆಗಿಹೋಗುತ್ತದೆ. ಹೊರಗೆ ನೀರಾಗಿಯೇ ಇರುತ್ತದೆ, ಗಟ್ಟಿಯಾಗಲಿಲ್ಲ ಎಂದು ಮತ್ತೆ ಕಾಯಿಸಬೇಡಿ. ಫ್ರಿಜ್ಜಿನಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ. ಮುದ್ದೆಯ ಜೊತೆಗಿನ ಕೋಳಿ ಸಾರಿಗೆ ಒಗ್ಗರಣೆ ಇದರಲ್ಲೇ ಹಾಕಿ.

ಪಾತ್ರೆ ತೊಳೆಯುವಾಗ ಬಿಸಿ ಜಿಡ್ಡನ್ನು ಸಿಂಕಿಗೆ ಸುರಿಯಬೇಡಿ. ಕೊಳವೆಯೊಳಗೆ ತಣ್ಣಗಾದ ಕಡೆ ಗಟ್ಟಿಯಾಗಿ ಕೂರುತ್ತದೆ, ಬಿಸಿ ನೀರು ಬಿಟ್ಟರೆ ಅಲ್ಲಿಂದ ಕರಗಿ ಇನ್ನೂ ಒಳಗೆ ಹೋಗಿ ಕಟ್ಟುತ್ತದೆ. ಪಾತ್ರೆ ಬೆಚ್ಚಗಿರುವಾಗಲೇ ಹಳೆಯ ಪೇಪರಿನಲ್ಲಿ ಒರೆಸಿ, ಬೂದಿ ಹಾಕಿ ತಿಕ್ಕಿ, ಆಮೇಲೆ ಸೋಪು. ಸೋಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕದೆ ಅಂದೇ ಕುದಿಯುವ ಸೋಪಿನ ನೀರಿನಲ್ಲಿ ಒಗೆದು ಬಿಸಿಲಿಗೆ ಹರಡಿ, ಮುಂದಿನ ಬ್ಯಾಚಿಗೆ ಕಮಟು ಹತ್ತುವುದು ಬಹಳ ಸಲ ಆ ಬಟ್ಟೆಯಿಂದಲೇ.